ಬಂಡೆ ಬಳಸಿ ಹೋದ ಗೆರೆ

ನಮಗಿಂತ ಮೊದಲು ಕೆಲಸ ಮಾಡಿಹೋದವರನ್ನು ಬೈಯುವುದರಲ್ಲಿ ಒಂದು ವಿಶೇಷವಾದ ಸುಖವಿದೆ. ಅದು ಪುಕ್ಕಟೆ ಸುಖ, ಎದುರುತ್ತರ ಬರುವ ಭಯವೂ ಇಲ್ಲ. ಜಾಲಹಳ್ಳಿಯ ನಮ್ಮ ಬಾಡಿಗೆ ಮನೆಗೆ ನಲ್ಲಿ ರಿಪೇರಿಗೆ ಯಾರೇ ಬರಲಿ, ಚೀಲ ಕೆಳಗಿಡುವ ಮೊದಲೇ ಬಚ್ಚಲ ಗೋಡೆ ನೋಡಿ ಲೊಚಗುಟ್ಟಿ, "ಯಾರ್ ಸಾರ್ ಇದನ್ನ ಮಾಡಿದ್ದು?" ಎಂದು ಕೇಳುತ್ತಾರೆ. ನಾನು ಅಪರಾಧಿಯ ಹಾಗೆ ತಲೆ ತಗ್ಗಿಸುತ್ತೇನೆ. ಹಲ್ಲಿನ ಡಾಕ್ಟರು ಬಾಯೊಳಗೆ ಕನ್ನಡಿ ಇಟ್ಟು ಮೊದಲು ಕೇಳುವುದು ಹಳೆಯ ಸಿಮೆಂಟು ತುಂಬಿದವರು ಯಾರೆಂದು. ಬಾಯಿ ತೆರೆದಿರುವುದರಿಂದ ನಾನು ಉತ್ತರ ಕೊಡುವುದಿಲ್ಲ. ಹೋದ ವರ್ಷ ಹೀಗೆ ಗೋಡೆ ನೋಡಿ ಲೊಚಗುಟ್ಟಿದ ಪ್ಲಂಬರಿಗೆ ನನ್ನ ಹೆಂಡತಿ ಗಿರಿಜಾ, "ನೀವೇ ಅಲ್ರೀ, ಎರಡು ವರ್ಷದ ಹಿಂದೆ ಮಾಡಿದ್ದು" ಎಂದು ನೆನಪಿಸಿದಳು. ಆತ ಒಂದಿಷ್ಟೂ ಅಳುಕದೆ, "ಆವಾಗ ಸಾಮಾನು ಸರಿ ಇರ್ಲಿಲ್ಲ ಮೇಡಂ" ಎಂದುಬಿಟ್ಟ. ನಾನು ಆ ಮಾತನ್ನು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಒಂದು ತಿಂಗಳು ನಕ್ಕಿದ್ದೇನೆ. ಈಗ ನಗುವುದಿಲ್ಲ. ಆತನ ಬಗ್ಗೆ ನನಗೀಗ ಗೌರವವೇ ಇದೆ.

ನನ್ನ ಕೆಲಸ ಏನೆಂದು ಮದುವೆಮನೆಗಳಲ್ಲಿ ಯಾರಾದರೂ ಕೇಳಿದರೆ "ಸಾಫ್ಟ್‌ವೇರ್" ಎಂದು ಹೇಳಿ ಪಾಯಸದ ಕಡೆ ತಿರುಗುತ್ತೇನೆ. ನಿಜ ಹೇಳಲು ಹೊರಟರೆ ಪಂಕ್ತಿ ಎದ್ದುಹೋಗುತ್ತದೆ. ನಿಮಗೆ ಮಾತ್ರ ಹೇಳುತ್ತೇನೆ. ಹಿಂದೆ ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ಡ್ರಾಯಿಂಗು ಬರೆದಿಟ್ಟಿದ್ದಾರೆ: ಇಲ್ಲಿ ಗೋಡೆ, ಇಲ್ಲಿ ಚರಂಡಿ, ಇಲ್ಲಿ ನೆಲದೊಳಗಿನ ಕೇಬಲ್ಲು. ಈಗ ಅವೆಲ್ಲ ಮೊಬೈಲಿನಲ್ಲಿ ತೆರೆಯುವ ಭೂಪಟಕ್ಕೆ ಹೋಗಬೇಕು, ಗೋಡೆಗೊಂದು ಪದರ, ಚರಂಡಿಗೊಂದು ಪದರ, ಕೇಬಲ್ಲಿಗೊಂದು ಪದರ ಎಂದು ಬೇರೆ ಬೇರೆಯಾಗಿ. ತೊಂದರೆಯೆಂದರೆ ಡ್ರಾಯಿಂಗಿಗೆ ಎಲ್ಲವೂ ಬರೀ ಗೆರೆ. ಭೂಪಟದ ಸಾಫ್ಟ್‌ವೇರು ಹಾಗಲ್ಲ, ಅದು ತಾಲ್ಲೂಕು ಕಚೇರಿಯ ಗುಮಾಸ್ತನಂತೆ ಒಂದೊಂದು ಗೆರೆಯನ್ನೂ ನಿಲ್ಲಿಸಿ ನೀನು ಯಾರು, ಎಲ್ಲಿಂದ ಎಲ್ಲಿಗೆ, ಹುಟ್ಟಿದ ವರ್ಷ ಯಾವುದು ಎಂದು ಕೇಳುತ್ತದೆ. ಗೆರೆಯ ಪರವಾಗಿ ಉತ್ತರ ಹೇಳಿ ಅರ್ಜಿ ತುಂಬುವವನು ನಾನು. ಒಂದು ಸೊನ್ನೆ ಸುತ್ತಿದ್ದರೆ ಅದು ಮ್ಯಾನ್‌ಹೋಲೋ, ಮರವೋ, ಯಾರೋ ಬೇಜಾರಿಗೆ ಸುತ್ತಿದ ಸೊನ್ನೆಯೋ ಎಂದು ಅರ್ಧ ದಿನ ಯೋಚಿಸುತ್ತೇನೆ. ಐವತ್ತಾರು ವಯಸ್ಸಿನಲ್ಲಿ ದಿನಾ ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಹೂಡಿಯಲ್ಲಿಳಿದು, ಗಾಜಿನ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಕುಳಿತು ನಾನು ಮಾಡುವುದು ಇದನ್ನೇ. ನನ್ನ ಟೀಮ್ ಲೀಡ್ ಕೀರ್ತನಾಗೆ ನನ್ನ ವಯಸ್ಸಿನ ಅರ್ಧ. ಒಳ್ಳೆಯ ಹುಡುಗಿ. ತಪ್ಪು ತೋರಿಸುವಾಗಲೂ ಸಾರ್ ಎಂದು ಸೇರಿಸಿಯೇ ತೋರಿಸುತ್ತಾಳೆ.

ಹೀಗಿರುವಾಗ ಪೀಣ್ಯದ ಕಡೆಯ ಒಂದು ಕೈಗಾರಿಕಾ ವಸಾಹತಿನ ಕೇಬಲ್ ಡ್ರಾಯಿಂಗುಗಳು ನಮಗೆ ಬಂದವು. ನಲವತ್ತು ಹಾಳೆ. ಕಾರ್ಖಾನೆಗಳಿಗೆ ನೆಲದೊಳಗೆ ಹೋಗುವ ಹೈಟೆನ್ಷನ್ ಕೇಬಲ್ಲಿನ ದಾರಿ ತೋರಿಸುವ ಹಾಳೆಗಳು. ಮೊದಲನೆಯದನ್ನು ತೆರೆದೆ. ಗೋಡೆ, ಕೇಬಲ್ಲು, ಚರಂಡಿ, ಅಕ್ಷರ ಎಲ್ಲವನ್ನೂ ಪುಣ್ಯಾತ್ಮ ಒಂದೇ ಪದರಕ್ಕೆ ಸುರಿದಿದ್ದ. ಉಳಿದ ಪದರಗಳ ಹೆಸರು 'ಹೊಸದು', 'ಹೊಸದು ಎರಡು', 'ಆಮೇಲೆ'. 'ಆಮೇಲೆ' ಎಂಬ ಪದರದಲ್ಲಿ ಏನೂ ಇರಲಿಲ್ಲ, ಆಮೇಲೆ ಎಂದವರು ಯಾರೂ ಏನೂ ಮಾಡುವುದಿಲ್ಲವಷ್ಟೆ. ಅಕ್ಷಾಂಶ ರೇಖಾಂಶ ಬರೆದಿರದ ಆ ಹಾಳೆಯನ್ನು ಭೂಪಟಕ್ಕೆ ಹಾಕಿ ನೋಡಿದರೆ ಕೀರ್ತನಾ ನನ್ನ ಪರದೆಗೆ ಬಗ್ಗಿ, "ಸಾರ್, ನಿಮ್ಮ ಪೀಣ್ಯ ಆಫ್ರಿಕಾ ಪಕ್ಕದ ಸಮುದ್ರದಲ್ಲಿದೆ" ಎಂದಳು. ಅದೇನೂ ದೊಡ್ಡದಲ್ಲ, ಗೊತ್ತಿರುವ ಎರಡು ಮೂಲೆ ಹಿಡಿದು ಎಳೆದರೆ ಊರಿಗೆ ಬರುತ್ತದೆ. ಆದರೆ ನನಗೆ ಬೈಯಲು ಒಂದು ಕಾರಣ ಸಿಕ್ಕಿತು. ಮೂರು ದಿನ ಗಟ್ಟಿಯಾಗಿ ಬೈದೆ. "ಇವನು ಡ್ರಾಫ್ಟ್ಸ್‌ಮನ್ನೋ ಎಮ್ಮೆ ಕಾಯೋನೋ" ಎಂದೆ. ಎಮ್ಮೆ ಕಾಯುವವನಿಗೆ ಯಾವ ಎಮ್ಮೆ ಎಲ್ಲಿದೆ ಎಂದಾದರೂ ಗೊತ್ತಿರುತ್ತದೆ ಎಂದೂ ಸೇರಿಸಿದೆ. ಅಕ್ಕಪಕ್ಕದ ಮೇಜಿನ ಹುಡುಗರು ನಕ್ಕರು. ವಯಸ್ಸಾದವನಿಗೆ ಆಫೀಸಿನಲ್ಲಿ ಜನ ನಗುವುದು ದೊಡ್ಡ ಟಾನಿಕ್ಕು, ನಾನು ಇನ್ನಷ್ಟು ಬೈದೆ. ಹಾಳೆಯ ಮೂಲೆಯಲ್ಲಿ ಬರೆದವರ ಹೆಸರು, ತಾರೀಖು ಇರುವ ಚೌಕವೊಂದು ಇರಬೇಕು. ಅದು ಬೇರೆ ಕಡತದಲ್ಲಿತ್ತು, ಮೂರನೆಯ ದಿನ ಸಂಜೆ ಬಂತು. ಬರೆದವರು: ಜಿ.ಎಂ.ಕೆ. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಕೊಟ್ರೇಶ್ ಸಾರ್ ಎನ್ನುತ್ತಾರೆ. ಆದರೆ ಹರಿಹರದ ಶಾಲೆಯ ದಾಖಲೆಯಲ್ಲಿ ನನ್ನ ಹೆಸರು ಜಿ.ಎಂ. ಕೊಟ್ರಯ್ಯ.

"ಯಾರ್ ಸಾರ್ ಈ ಜಿ.ಎಂ.ಕೆ.?" ಎಂದು ಕೀರ್ತನಾ ಕೇಳಿದಳು. "ಗೊತ್ತಿಲ್ಲಮ್ಮ, ಯಾರೋ ಹಳಬರು" ಎಂದೆ. ಅದು ಪೂರ್ತಿ ಸುಳ್ಳೇನಲ್ಲ. ಇಪ್ಪತ್ತೈದು ವರ್ಷವಾದ ಮೇಲೆ ಮನುಷ್ಯನಿಗೆ ತನ್ನ ಮದುವೆಯ ಫೋಟೋದಲ್ಲಿರುವವನೇ ಯಾರೋ ಅನ್ನಿಸುತ್ತಾನೆ, ಇನ್ನು ಡ್ರಾಯಿಂಗು ಯಾವ ಲೆಕ್ಕ. ಆದರೆ ಆ ಚೌಕದಲ್ಲಿ ನನ್ನ ಹೆಸರಿನ ಮೇಲೆ ಇನ್ನೆರಡು ಪದಗಳಿದ್ದವು. ಅವನ್ನು ನೋಡಿದಾಗ ನನಗೆ ಎಲ್ಲವೂ ನೆನಪಾಯಿತು. ಆ ಪದಗಳು 'ಆಸ್ ಬಿಲ್ಟ್'.

ಅದರ ಅರ್ಥ ಹೇಳಿಬಿಡುತ್ತೇನೆ. ಕೇಬಲ್ ಹೂಳುವ ಮೊದಲು ಒಂದು ಡ್ರಾಯಿಂಗು ಬರೆಯುತ್ತಾರೆ, ಹೀಗೆ ಹೂಳಬೇಕೆಂದಿದ್ದೇವೆ ಎಂದು. ಹೂಳಿದ ಮೇಲೆ ಇನ್ನೊಂದು ಬರೆಯಬೇಕು, ಹೀಗೆ ಹೂಳಿದೆವು ಎಂದು. ಎರಡೂ ಒಂದೇ ಆಗಿರುವುದಿಲ್ಲ, ಯಾಕೆಂದರೆ ನೆಲ ಡ್ರಾಯಿಂಗು ಓದಿರುವುದಿಲ್ಲ. ಎರಡನೆಯದನ್ನು ಬರೆಯಬೇಕಾದರೆ ಟೇಪು ಹಿಡಿದು ಬಿಸಿಲಿನಲ್ಲಿ ಅಳೆದುಕೊಂಡು ಹೋಗಬೇಕು. ಆಗ ನಮ್ಮ ಆಫೀಸು ಪೀಣ್ಯದಲ್ಲಿ ಒಂದು ಲೇತ್ ಶಾಪಿನ ಮೇಲಿತ್ತು. ಕೆಳಗೆ ಲೇತು ತಿರುಗಿದರೆ ಮೇಲೆ ನನ್ನ ಮೇಜು, ಕುರ್ಚಿ, ಕೆಳದವಡೆ ಮೂರೂ ಅದುರುತ್ತಿದ್ದವು. ಅಳೆಯಲು ಯಾರೂ ಹೋಗುತ್ತಿರಲಿಲ್ಲ. ನಾನೇ ಮೊದಲಿಗನಲ್ಲ, ಅದು ಅಲ್ಲಿಯ ಪದ್ಧತಿ. ಚೀಫ್ ಸಾಹೇಬರು ಬೆಳಿಗ್ಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತು, "ಕೊಟ್ರೇಶಪ್ಪ, ಮೂಲೇಲಿ ಎರಡು ಪದ ಬದ್ಲಾಯ್ಸು, ತಾರೀಖು ಹಾಕು, ಕಳ್ಸು" ಎಂದರು. ಮಾಡಬೇಕೆಂದಿದ್ದೇವೆ ಎಂಬುದನ್ನು ಅಳಿಸಿ ಮಾಡಿದ್ದೇವೆ ಎಂದು ಬರೆದರೆ ಆಯಿತು. ಒಂದು ಹಾಳೆಗೆ ಅರ್ಧ ನಿಮಿಷ. ನಲವತ್ತು ಹಾಳೆಯನ್ನು ಇಡ್ಲಿ ಬರುವಷ್ಟರಲ್ಲಿ ಮುಗಿಸಿದೆ. ಕೈ ಬಹಳ ಚುರುಕು ಎಂದು ಚೀಫ್ ಸಾಹೇಬರು ಎಲ್ಲರೆದುರು ಹೊಗಳಿದರು. ಆ ಹೊಗಳಿಕೆಯನ್ನು ನಾನು ಮನೆಗೆ ಹೋಗಿ ಗಿರಿಜಾಗೆ ಹೇಳಿದ್ದೆ ಎಂಬುದೂ ನೆನಪಿದೆ. ಆಗ ನಮಗೆ ಹೊಸದಾಗಿ ಮದುವೆಯಾಗಿತ್ತು.

ಅದೊಂದೇ ಆಗಿದ್ದರೆ ಪದ್ಧತಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಕೆಲಸಕ್ಕೆ ಎರಡು ದಿನ ಮೊದಲು ಮುನಿಯಪ್ಪ ಎನ್ನುವವರು ಮಹಡಿ ಹತ್ತಿ ಬಂದಿದ್ದರು. ಅವರು ಕೇಬಲ್ ಜಾಯಿಂಟರ್. ಗುಂಡಿಯೊಳಗೆ ಕುಳಿತು ಎರಡು ಕೇಬಲ್ಲಿನ ತುದಿಗಳನ್ನು ಬೆಸೆಯುವ ಕೆಲಸ. ಪೀಣ್ಯದ ಹಿಂಬದಿಯ ಹಳ್ಳಿಯವರು, ವಸಾಹತಿನ ಕಾರ್ಖಾನೆ ಶೆಡ್ಡುಗಳು ಎದ್ದದ್ದೇ ಅವರಂಥವರ ರಾಗಿ ಹೊಲದ ಮೇಲೆ. ಮಂಡಿಯವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ಬಾಗಿಲಲ್ಲೇ ನಿಂತು, "ಅಯ್ನೋರೇ, ಅದಿನಾಕನೇ ಶೆಡ್ಡಿನ ತಾವ ಬಂಡೆ ಅಡ್ಡ ಬತ್ತು. ಕೇಬಲ್ನ ರಸ್ತೆ ಈ ಕಡೀಕೆ ಬಳಸ್ಕೊಂಡ್ ತಂದಿವ್ನಿ. ಒಸಿ ಬರ್ಕಳಿ" ಎಂದರು. ನಾನು ಪರದೆಯಿಂದ ಕಣ್ಣೆತ್ತದೆ, "ಆಯ್ತು, ಬರ್ಕೊಳ್ತೀನಿ" ಎಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದರು, ನಾನು ಪೆನ್ನು ತೆಗೆಯಲಿ ಎಂದು ಇರಬೇಕು. ಆಮೇಲೆ ಹೋದರು. ನಾನು ಬರೆದುಕೊಳ್ಳಲಿಲ್ಲ. ಹಾಳೆಯಲ್ಲಿ ಆ ಕೇಬಲ್ಲು ಇವತ್ತಿಗೂ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಎಳೆದಂತೆ ನೆಟ್ಟಗಿದೆ.

ಮಾರನೆಯ ದಿನ ಕೀರ್ತನಾ ಎಲ್ಲರನ್ನೂ ಕರೆದು, ಹದಿನಾಲ್ಕನೇ ಶೆಡ್ಡಿರುವ ಹಾಳೆ ಮಾತ್ರ ಅರ್ಜೆಂಟು ಎಂದಳು. ಆ ರಸ್ತೆಯಲ್ಲಿ ಮಳೆನೀರಿನ ಚರಂಡಿ ತೋಡುತ್ತಾರಂತೆ. ಕೇಬಲ್ಲು ಎಲ್ಲಿದೆ ಎಂಬುದನ್ನು ನಮ್ಮ ಪದರ ನೋಡಿಯೇ ತೋಡುತ್ತಾರಂತೆ. ಉಳಿದ ಹಾಳೆಗಳನ್ನು ಆಮೇಲೆ ಕ್ಲೈಂಟಿನವರೇ ಸ್ಥಳಕ್ಕೆ ಹೋಗಿ ಪರೀಕ್ಷೆ ಮಾಡಿಕೊಳ್ಳುತ್ತಾರೆ, ಇದೊಂದಕ್ಕೆ ಮಾತ್ರ ಅಷ್ಟು ಸಮಯವಿಲ್ಲ. ಚರಂಡಿ ಬರುವುದು ರಸ್ತೆಯ ಯಾವ ಕಡೆಗೆ ಎಂದು ಕೇಳಿದೆ. ಗೋಡೆಯ ಕಡೆಯಲ್ಲ, ಈ ಕಡೆಗೆ ಎಂದಳು. ಮುನಿಯಪ್ಪನವರು ಕೇಬಲ್ಲು ಬಳಸಿ ತಂದ ಅದೇ ಈ ಕಡೆ. ನನಗೆ ಆಗ ಜೆಸಿಬಿಯ ಹಲ್ಲು ಕಾಣಿಸಲಿಲ್ಲ, ಅದರಲ್ಲಿ ಕುಳಿತವನಿಗೆ ಸುತ್ತ ಕಬ್ಬಿಣ ಇರುತ್ತದೆ. ಕಾಣಿಸಿದ್ದು ಅದರ ಹಿಂದೆ ಗುಂಡಿಯಲ್ಲಿ ಇಳಿದು ಹಾರೆ ಹಿಡಿದು ಅಂಚು ಕೆತ್ತುವ ಜನ. ಅವರಲ್ಲಿ ಹೆಂಗಸರೇ ಹೆಚ್ಚು, ಕಾಲಿಗೆ ಹವಾಯಿ ಚಪ್ಪಲಿ. ಹೈಟೆನ್ಷನ್ ಕೇಬಲ್ಲಿಗೆ ಹಾರೆಯ ತುದಿ ತಾಗಿದರೆ ಕೂಗಲೂ ಸಮಯವಿರುವುದಿಲ್ಲ.

ಮನೆಗೆ ಹೋಗಿ ಗಿರಿಜಾಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ, "ಯಾರಿಗಾದ್ರೂ ಏನಾದ್ರೂ ಆದ್ರ ಏನ್ ಮಾಡ್ತೀರಿ? ನಾಳೆ ಹೋಗಿ ನಾನೇ ಬರ್ದಿದ್ದು, ಅಳ್ದಿಲ್ಲ ಅಂತ ಹೇಳಿಬಿಡ್ರಿ" ಎಂದಳು. ಹೆಂಡತಿಯರು ಹೇಳುವ ಪರಿಹಾರಗಳು ಯಾವಾಗಲೂ ಒಂದೇ ಸಾಲಿನವು, ಅದೇ ಅವುಗಳ ದೋಷ. ನನ್ನದು ವರ್ಷ ವರ್ಷ ಮುಂದುವರಿಸುವ ಕಾಂಟ್ರಾಕ್ಟಿನ ನೌಕರಿ. ಮೂರು ದಿನ ಎಮ್ಮೆ ಕಾಯುವವನೆಂದು ಬೈದು ಹುಡುಗರನ್ನು ನಗಿಸಿದವನು ಈಗ ಎದ್ದು ನಿಂತು ಆ ಎಮ್ಮೆ ಕಾಯುವವನು ನಾನೇ ಎನ್ನಬೇಕು. ನಾಚಿಕೆ ಮತ್ತು ಭಯ ಎರಡೂ ಒಟ್ಟಿಗೆ ಬಂದಾಗ ನಾನು ಮಾಡುವುದು ಅರ್ಧ ಸತ್ಯ ಹೇಳುವುದು. ಮಾರನೆಯ ದಿನ ಕೀರ್ತನಾಳ ಮೇಜಿನ ಹತ್ತಿರ ಹೋಗಿ, "ಆ ಕಾಲದಲ್ಲಿ ಅಳೆಯದೇ ಆಸ್ ಬಿಲ್ಟ್ ಕೊಡ್ತಿದ್ರು ಅಂತ ಕೇಳಿದ್ದೀನಮ್ಮ" ಎಂದೆ. ಕೇಳಿದ್ದೀನಿ ಎಂಬ ಪದ ಆರಿಸಲು ಮೆಟ್ರೊದಲ್ಲಿ ಪೂರ್ತಿ ಒಂದು ಗಂಟೆ ತೆಗೆದುಕೊಂಡಿದ್ದೆ. ಅವಳು ನಿಟ್ಟುಸಿರು ಬಿಟ್ಟು, "ಇರಬಹುದು ಸಾರ್. ಆದ್ರೆ ಡ್ರಾಯಿಂಗ್‌ನಲ್ಲಿ ಇರೋದನ್ನ ಹಾಗೇ ಕನ್ವರ್ಟ್ ಮಾಡೋದಷ್ಟೇ ನಮ್ಮ ಸ್ಕೋಪು. ಜಾಗ ನಮ್ಮ ಸ್ಕೋಪ್ ಅಲ್ಲ" ಎಂದಳು. ಆ ಸಂಜೆ ಪೀಣ್ಯದಲ್ಲೇ ಇಳಿದು ಚರಂಡಿಯ ಮೇಲ್ವಿಚಾರಕರನ್ನು ಹುಡುಕಿ ಅವರಿಗೂ ಹೇಳಿದೆ. ಅವರು ವಿಜಯಪುರದ ಕಡೆಯವರು, ಚಹಾ ಕೊಡಿಸಿದರು. "ನೀವು ಹೇಳೂದು ಖರೆ ಇರಬಹುದ್ರೀ ಸರ. ಆದ್ರ ನಮಗ ಮೊಬೈಲ್ನಾಗ ಏನ್ ಬರತೈತಿ ಅಷ್ಟ ನೋಡ್ತೀವ್ರಿ. ದಾರ್ಯಾಗ ಹೋಗೋರ ಮಾತು ಕೇಳಿದ್ರ ನಮ್ಮ ನೌಕರಿ ಹೋಗತೈತಿ" ಎಂದರು. ಚಹಾ ಚೆನ್ನಾಗಿತ್ತು.

ಉಳಿದದ್ದು ಒಂದೇ ದಾರಿ, ಮುನಿಯಪ್ಪನವರು. ಬದುಕಿದ್ದಾರೋ ಇಲ್ಲವೋ ಎಂಬ ಅಳುಕಿನಲ್ಲೇ ಅವರ ಹಳ್ಳಿಗೆ ಹೋದೆ. ಹಳ್ಳಿ ಎಂದರೆ ಈಗ ಎರಡೂ ಕಡೆ ನಾಲ್ಕು ಮಹಡಿ ಎದ್ದ ಓಣಿ. ಅವರು ತಮ್ಮ ಬಾಡಿಗೆ ಕಟ್ಟಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಮೋಟಾರು ನಿಲ್ಲಿಸದೆ ಹೋದ ಬಾಡಿಗೆದಾರನನ್ನು ಬೈಯುತ್ತಿದ್ದರು. ಎಪ್ಪತ್ತಾರು ವರ್ಷ, ಮಂಡಿಗೆ ಪಟ್ಟಿ. ನಾನು ಹೆಸರು ಹೇಳಿ, ಲೇತ್ ಶಾಪಿನ ಮೇಲಿನ ಆಫೀಸಿನವನು ಎಂದೆ. "ಬಂಡೆ ವಿಸ್ಯ ಬರ್ಕಂಡ್ರಾ ಅಯ್ನೋರೇ?" ಎಂದು ಕೇಳಿದರು. ಇಪ್ಪತ್ತೈದು ವರ್ಷದ ಮೇಲೆ ಮನುಷ್ಯ ಮೊದಲು ಕೇಳಿದ ಮಾತು ಅದು. ಇಲ್ಲ ಎಂದೆ. "ನಂಗೊತ್ತಿತ್ತು ಬುಡಿ. ನೀವು ತಲೆ ಎತ್ಲೇ ಇಲ್ವಲ್ಲ ಆವತ್ತು" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಒಳಗೆ ಕೂಗಿ ಸೊಸೆಯ ಕೈಯಲ್ಲಿ ಮಜ್ಜಿಗೆ ಕೊಡಿಸಿದರು.

ಆ ಭಾನುವಾರ ಬೆಳಿಗ್ಗೆ ಇಬ್ಬರೂ ಹದಿನಾಲ್ಕನೇ ಶೆಡ್ಡಿನ ರಸ್ತೆಗೆ ಹೋದೆವು. ಆಫೀಸಿನ ಜಿಪಿಎಸ್ ಯಂತ್ರವನ್ನು ನಾನು ಶನಿವಾರವೇ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಅಲ್ಲಿ ಗುರುತು ಸಿಗುವಂಥದ್ದು ಒಂದೂ ಉಳಿದಿರಲಿಲ್ಲ. ಶೆಡ್ಡು ಹೋಗಿ ಗೋಡೌನಾಗಿತ್ತು, ಹೊಂಗೆಮರ ಹೋಗಿ ಬೇಕರಿಯಾಗಿತ್ತು, ಬಂಡೆಯ ಮೇಲೆ ಡಾಂಬರು ಬಿದ್ದಿತ್ತು. ನನಗೆ ಗಾಬರಿಯಾಯಿತು. ಮುನಿಯಪ್ಪನವರು ಮಾತ್ರ ಹಳೆಯ ಟ್ರಾನ್ಸ್‌ಫಾರ್ಮರ್ ಕಟ್ಟೆಗೆ ಬೆನ್ನು ಕೊಟ್ಟು ನಿಂತು, ಕಣ್ಣು ಕಿರಿದು ಮಾಡಿ, ಹೆಜ್ಜೆ ಎಣಿಸುತ್ತಾ ಹೊರಟರು. ಮಂಡಿನೋವಿನಿಂದಾಗಿ ಎಡಗಾಲಿನ ಹೆಜ್ಜೆ ಸಣ್ಣದಾಗುತ್ತಿತ್ತು, ಅದಕ್ಕೆ ಅವರೇ ಲೆಕ್ಕ ಹಾಕಿ ಅಷ್ಟು ಸೇರಿಸಿಕೊಳ್ಳುತ್ತಿದ್ದರು. ಕಾವಲುಗಾರನೊಬ್ಬ ಬಂದು ಏನು ಹುಡುಕ್ತಿದೀರಾ ಎಂದ. "ಇಲ್ಲಿ ನಮ್ಮ ಒಲ ಇತ್ತು ಕಣಪ್ಪ" ಎಂದರು. ಆತ ತಲೆಯಾಡಿಸಿ ಹೋದ, ಇಂಥ ಮುದುಕರು ಅಲ್ಲಿಗೆ ಆಗಾಗ ಬರುತ್ತಿರಬೇಕು. ಬೇಕರಿಯ ಎದುರು ನಿಂತು ಚಪ್ಪಲಿಯಿಂದ ನೆಲ ಒರೆಸಿ, "ಇಲ್ಲಿಂದ ಬಾಗ್ತದೆ. ಬಂಡೆ ಸುತ್ತಿ ಅಗೋ ಆ ಕಂಬದ ತಾವ ತಿರ್ಗಾ ಗೋಡೆ ಕಡೀಕೆ ಓಯ್ತದೆ. ನಡ್ಮದ್ಯೆ ನಂದೊಂದು ಜಾಯಿಂಟ್ ಐತೆ. ಮರಳಾಕಿ ಇಟ್ಗೆ ಮುಚ್ಚಿವ್ನಿ" ಎಂದರು. ಅವರು ಹೇಳಿದಲ್ಲೆಲ್ಲ ನಾನು ಯಂತ್ರ ಇಟ್ಟು ಬಿಂದು ಗುರುತು ಮಾಡಿಕೊಂಡೆ. ಈ ಸಲ ಪುಸ್ತಕದಲ್ಲೂ ಬರೆದುಕೊಂಡೆ. ಅವರು ನಾನು ಬರೆಯುವುದನ್ನೇ ನೋಡುತ್ತಾ ನಿಂತಿದ್ದರು. ನೆಟ್ಟಗಿದ್ದ ನನ್ನ ಗೆರೆ ನಾಲ್ಕು ಮೀಟರು ಈಚೆಗೆ ಬಾಗಿ, ಚರಂಡಿ ಬರುವ ಜಾಗದಲ್ಲೇ ಹಾದು ಹೋಗುತ್ತಿತ್ತು.

ಸೋಮವಾರ ನಿಜವಾದ ಗೆರೆಯನ್ನು ಪದರಕ್ಕೆ ಹಾಕಿ ಕಳಿಸಿದೆ. ಮಧ್ಯಾಹ್ನಕ್ಕೆ ವಾಪಸು ಬಂತು. ನಮ್ಮಲ್ಲಿ ತಪಾಸಣೆ ಮಾಡುವುದು ಒಂದು ಪ್ರೋಗ್ರಾಮು. ಅದು ಪದರವನ್ನು ಡ್ರಾಯಿಂಗಿನ ಮೇಲಿಟ್ಟು ನೋಡುತ್ತದೆ, ನೆಲದ ಮೇಲಿಟ್ಟು ನೋಡುವುದಿಲ್ಲ. ನಾಲ್ಕು ಮೀಟರು ವ್ಯತ್ಯಾಸ, ತಿರಸ್ಕೃತ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅಳೆಯದೇ ಎಳೆದ ಸುಳ್ಳು ಗೆರೆ ಹಿಂದಿನ ವಾರ ಇದೇ ಪ್ರೋಗ್ರಾಮಿನಲ್ಲಿ ನೂರಕ್ಕೆ ನೂರು ತೆಗೆದುಕೊಂಡಿತ್ತು. ಕೀರ್ತನಾ ಬಂದು ಪಕ್ಕದಲ್ಲಿ ಕುಳಿತು, "ಸಾರ್, ನೀವು ಹೇಳೋ ಹಾಗೆ ಗೆರೆ ಬಾಗಿದೆ ಅಂತ ಸೋರ್ಸ್‌ನಲ್ಲಿ ಇದ್ರೆ ತೋರ್ಸಿ, ಈಗ್ಲೇ ಪಾಸ್ ಮಾಡ್ತೀನಿ. ಇದೇ ಹಾಳೆದು ಇನ್ನೊಂದು ರಿವಿಷನ್ ಏನಾದ್ರೂ ಇದ್ಯಾ?" ಎಂದು ಕೇಳಿದಳು. ಅವಳ ಮುಖದಲ್ಲಿ ನಿಜವಾದ ಕಾಳಜಿಯಿತ್ತು. ಆ ಕ್ಷಣದಲ್ಲಿ ಗಿರಿಜಾಳ ಒಂದು ಸಾಲಿನ ಪರಿಹಾರ ನನ್ನ ಗಂಟಲಿನವರೆಗೆ ಬಂದಿತ್ತು. "ಹುಡುಕ್ತೀನಮ್ಮ, ಮನೇಲಿ ಹಳೇ ಸಿಡಿ ಇವೆ" ಎಂದೆ.

ಸಿಡಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ, ನನ್ನ ಹಳೆಯ ಡ್ರಾಯಿಂಗನ್ನೇ ತೆರೆದು, ಕೇಬಲ್ಲನ್ನು ಬಂಡೆ ಬಳಸಿ ಬಾಗಿಸಿ, ಮೂಲೆಯ ಚೌಕದಲ್ಲಿ 'ತಿದ್ದುಪಡಿ ಒಂದು' ಎಂದು ಬರೆದು ಇಪ್ಪತ್ತೈದು ವರ್ಷ ಹಿಂದಿನ ತಾರೀಖು ಹಾಕಿದೆ. ಕೆಳಗೆ ಜಿ.ಎಂ.ಕೆ. ಅಳತೆ ಮಾಡಿದವರು ಎಂಬ ಖಾಲಿ ಮನೆಯಲ್ಲಿ ಮುನಿಯಪ್ಪನವರ ಹೆಸರಿನ ಮೊದಲಕ್ಷರ. ಹಿಂದೆ ಸುಳ್ಳು ಹಾಳೆಗೆ ಸಹಿ ಹಾಕುವಾಗ ಒಂದು ಚೂರೂ ಅಳುಕಿರಲಿಲ್ಲ, ನಲವತ್ತನ್ನೂ ಇಡ್ಲಿಯ ಆಸೆಯಲ್ಲಿ ಮುಗಿಸಿದ್ದೆ. ಈ ನಿಜದ ಹಾಳೆ ಮಾಡುವಾಗ ಲಿಫ್ಟಿನ ಸದ್ದಾದಾಗಲೆಲ್ಲ ಹಾಳೆ ಮುಚ್ಚಿ ಬಾಗಿಲ ಕಡೆ ನೋಡಿದೆ. ಹತ್ತು ಗಂಟೆಗೆ ಪ್ರೋಗ್ರಾಮು ಹಸಿರು ತೋರಿಸಿತು.

ತೋಡುವ ದಿನ ಜ್ವರವೆಂದು ರಜೆ ಹಾಕಿ ಅಲ್ಲಿಗೆ ಹೋಗಿ ನಿಂತೆ. ಜ್ವರ ನಿಜವಾಗಿಯೂ ಇತ್ತೆಂದು ಕಾಣುತ್ತದೆ, ಬೆನ್ನು ಬೆವರುತ್ತಿತ್ತು. ಮೇಲ್ವಿಚಾರಕರು ಮೊಬೈಲು ನೋಡಿ ಬೇಕರಿಗೆ ಹತ್ತು ಹೆಜ್ಜೆ ಇರುವಂತೆಯೇ ಜೆಸಿಬಿ ನಿಲ್ಲಿಸಿ, ಲೈನ್ ಆಫ್ ಮಾಡಿಸಿ, ಜನರನ್ನು ಇಳಿಸಿದರು. ಮೆತ್ತಗೆ ಕೆದರಲು ಹೇಳಿದರು. ನಾಲ್ಕು ಜನ ಹೆಂಗಸರು, ಇಬ್ಬರು ಗಂಡಸರು. ನಾನು ಅವರ ಕಾಲುಗಳನ್ನೇ ನೋಡುತ್ತಿದ್ದೆ. ಅರ್ಧ ಗಂಟೆಗೆ ಒಬ್ಬಾಕೆ ಬುಟ್ಟಿ ಕೆಳಗಿಟ್ಟು, "ಇಲ್ಲಿ ಇಟ್ಟಂಗಿ ಬಂತ್ರಿ ಯಪ್ಪಾ" ಎಂದಳು. ಸಾಲಾಗಿ ಇಟ್ಟಿಗೆ, ಅದರ ಕೆಳಗೆ ಮರಳು. ಮುನಿಯಪ್ಪನವರು ಚಪ್ಪಲಿಯಿಂದ ಒರೆಸಿದ ಜಾಗಕ್ಕೆ ಒಂದು ಗೇಣು ಆಚೆ. ನಾನು ಬೇಕರಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಅದಕ್ಕೆ ನಾಚಿಕೆಯೇನೂ ಆಗಲಿಲ್ಲ. ಮೇಲ್ವಿಚಾರಕರು ಬಂದು, "ನಕ್ಷಾ ಬರೋಬ್ಬರಿ ಐತ್ರೀ ಸರ. ಹಿಂದಿನ ಮಂದಿ ಕೆಲಸ ಅಂದ್ರ ಕೆಲಸ. ಯಾರ್ ತಗದಿದ್ದ್ರೀ ಇದನ್ನ?" ಎಂದರು. ಈ ಪ್ರಶ್ನೆಯನ್ನು ಲೊಚಗುಟ್ಟದೆ ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. "ಯಾರೋ ಹಳಬರು" ಎಂದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಇಷ್ಟು ಬೇಸರದಿಂದ ಬರೆಯುತ್ತಿರಲಿಲ್ಲ. ಮುಂದಿನ ವಾರ ಕ್ಲೈಂಟಿನ ಅಧಿಕಾರಿಯೊಬ್ಬರ ಜೊತೆ ವಿಡಿಯೋ ಮೀಟಿಂಗ್ ಇತ್ತು. ಅವರು ಬಹಳ ಖುಷಿಯಲ್ಲಿದ್ದರು. "ಬಂಡೆ ಬಳಸಿಕೊಂಡು ಹೋಗಿರೋದನ್ನೂ ಬಿಡದೆ ಬರ್ದಿದ್ದಾರೆ ನೋಡಿ ಆ ಮನುಷ್ಯ. ಒಂದು ಗೇಣು ವ್ಯತ್ಯಾಸ ಅಷ್ಟೇ. ಇಂಥೋರ ಡ್ರಾಯಿಂಗ್‌ನ ಚೆಕ್ ಮಾಡೋದು ಅಂದ್ರೆ ಅವರಿಗೆ ಅವಮಾನ ಮಾಡಿದ ಹಾಗೆ" ಎಂದರು. ಆದ್ದರಿಂದ ಉಳಿದ ಮೂವತ್ತೊಂಬತ್ತು ಹಾಳೆಗಳಿಗೆ ಇಟ್ಟಿದ್ದ ಸ್ಥಳ ಪರೀಕ್ಷೆಯನ್ನು ರದ್ದು ಮಾಡಿ, ಹಾಗೆಯೇ ಭೂಪಟಕ್ಕೆ ಏರಿಸುವುದೆಂದು ತೀರ್ಮಾನವಾಯಿತು. ಕೀರ್ತನಾ ನನ್ನ ಕಡೆ ತಿರುಗಿ ಹೆಬ್ಬೆರಳೆತ್ತಿ ತೋರಿಸಿದಳು. ನನ್ನ ಮೈಕು ಮ್ಯೂಟ್ ಆಗಿತ್ತು. ಅದನ್ನು ತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕು, ಅರ್ಧ ನಿಮಿಷವೂ ಬೇಡ. ಈಗ ಹೇಳಬೇಕಾದದ್ದು ಹಳೆಯ ಸುಳ್ಳೊಂದೇ ಅಲ್ಲ, ಹೊಸದನ್ನೂ ಹೇಳಬೇಕು. ಅಧಿಕಾರಿ ಕೈಮುಗಿದರು, ಪರದೆ ಕಪ್ಪಾಯಿತು. ಆ ರಾತ್ರಿ ಗಿರಿಜಾಗೆ ಹೇಳಿದೆ, ಅವಳು ಊಟ ಬಡಿಸಿಟ್ಟು ಒಳಗೆ ಹೋಗಿ ಮಲಗಿದಳು.

ಅಲ್ಲಿಂದೀಚೆಗೆ ನನ್ನ ಭಾನುವಾರಗಳೆಲ್ಲ ಪೀಣ್ಯದಲ್ಲಿ ಕಳೆಯುತ್ತವೆ. ಒಂದೊಂದು ವಾರ ಒಂದು ಹಾಳೆ. ಮುನಿಯಪ್ಪನವರು ಹೆಜ್ಜೆ ಎಣಿಸುತ್ತಾರೆ, ನಾನು ಬರೆದುಕೊಳ್ಳುತ್ತೇನೆ, ಮಂಗಳವಾರ ಬೆಳಿಗ್ಗೆ ನನ್ನ ಇಲ್ಲದ ಸಿಡಿಯೊಳಗೆ ಇನ್ನೊಂದು ತಿದ್ದುಪಡಿ ಸಿಗುತ್ತದೆ. ಜಿ.ಎಂ.ಕೆ. ಎಂಬುವವರ ಕೀರ್ತಿ ಆಫೀಸಿನಲ್ಲಿ ದಿನದಿನಕ್ಕೆ ಏರುತ್ತಿದೆ, ಹೊಸದಾಗಿ ಸೇರಿದ ಹುಡುಗರಿಗೆ ಅವರ ಹಾಳೆಗಳನ್ನು ಮಾದರಿಯಾಗಿ ತೋರಿಸುತ್ತಾರೆ. ಹದಿನಾಲ್ಕನೇ ಶೆಡ್ಡಿನದೂ ಸೇರಿ ಮೂರು ಹಾಳೆ ಆಗಿವೆ, ಮೂವತ್ತೇಳು ಉಳಿದಿವೆ. ಮುನಿಯಪ್ಪನವರ ಎಡಮಂಡಿ ಹೋದ ವಾರದಿಂದ ಊದಿಕೊಂಡಿದೆ. ಆ ನೆಲದೊಳಗೆ ಏನಿದೆ ಎಂಬುದು ಭೂಮಿಯ ಮೇಲೆ ಅವರೊಬ್ಬರಿಗೇ ಗೊತ್ತು. ಆದ್ದರಿಂದ ಅವರಿಗೆ ಬಿಸಿನೀರಿನ ಚೀಲ ಒಯ್ಯುತ್ತೇನೆ, ಬಿಪಿ ಮಾತ್ರೆ ನುಂಗಿದ್ದಾರೋ ಇಲ್ಲವೋ ಎಂದು ಫೋನು ಮಾಡಿ ಕೇಳುತ್ತೇನೆ, ತುಮಕೂರು ರಸ್ತೆ ದಾಟುವಾಗ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ಎರಡೂ ಕಡೆ ಎರಡೆರಡು ಸಲ ನೋಡುತ್ತೇನೆ. ಮೊನ್ನೆ ಅವರ ಸೊಸೆ ಮಜ್ಜಿಗೆ ಕೊಡುತ್ತಾ, "ನಮ್ ಮಾವ ಯೋಳ್ತಾ ಇರ್ತಾರೆ, ಅಯ್ನೋರು ನನ್ನ ಎತ್ತ ಮಗನಿಗಿಂತ ಎಚ್ಚಾಗಿ ನೋಡ್ಕತಾರೆ ಅಂತ" ಎಂದಳು. ನಾನು ಲೋಟ ಹಿಡಿದು ತಲೆ ತಗ್ಗಿಸಿ ಕುಳಿತೆ. ಅದನ್ನೂ ತಿದ್ದಲಿಲ್ಲ.